ಸುಡದ ಬೆರಳು

ಕಳೆದ ವರ್ಷ ಒಂದು ಮಧ್ಯಾಹ್ನ, ಗಜೇಂದ್ರಗಡದ ನಮ್ಮ ಅಡುಗೆಮನೆಯಲ್ಲಿ ನಾಲ್ವರಿದ್ದೆವು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಂಗವ್ವ, ಪಕ್ಕದಲ್ಲಿ ಅವ್ವ, ತಾಟಿನ ಮುಂದೆ ನಾನು ಮತ್ತು ರೋಣದಿಂದ ಬಂದ ಡಾಕ್ಟರ್ ಗೆಳೆಯ.

ಗಂಗವ್ವ ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿದಳು. (ನಮ್ಮ ಕಡೆ ಎಲ್ಲರೂ ಹಾಗೇ; ಬೆರಳು ತಾಗಿಸಿ ಚಟ್ಟನೆ ಎತ್ತುತ್ತಾರೆ.) ಇವಳ ಕಿರುಬೆರಳು ಹಂಚಿನ ಮೇಲೇ ಉಳಿಯಿತು.

"ನಮ್ಮ ಸೊಸಿ ಕೈ ನೋಡ್ರಿ ಸಾಹೇಬ್ರ. ಬೆಂಕೀನೂ ಅಂಜತೈತಿ," ಅಂದಳು ಅವ್ವ.

ಡಾಕ್ಟರ್ ನಗಲಿಲ್ಲ. ತುತ್ತು ಕೆಳಗಿಟ್ಟ. "ವೈನಿ, ಕೈ ತಗೀರಿ. ಬೆರಳು ಸುಡಾಕತ್ತೈತಿ."

ಅವಳು ನೋಡಿಕೊಂಡಳು. "ಹೌದಲ್ಲ," ಅಂದಳು, ಬೇರೆ ಯಾರದೋ ಬೆರಳು ನೋಡಿದಂತೆ.

ಕಣ್ಣು ಮುಚ್ಚಿಸಿ ಟೆಸ್ಟ್ ಮಾಡಿದ. ಅರಳೆಯ ಎಳೆಯಿಂದ ಒಂದೊಂದೇ ಬೆರಳು ಮುಟ್ಟಿದ. "ಇಲ್ಲಿ?" "ಹ್ಞೂಂರಿ." "ಇಲ್ಲಿ?" "ಹ್ಞೂಂರಿ." ಎಳೆ ಕಿರುಬೆರಳಿಗೆ ಬಂತು. ಅವಳು ಕಾಯುತ್ತಲೇ ಇದ್ದಳು.

"ಮುಟ್ರಿ ಮತ್ತ," ಅಂದಳು.

ಅವನು ಮುಟ್ಟಿಯೇ ಇದ್ದ.

ಆಮೇಲೆ ನನ್ನನ್ನು ಅಂಗಳಕ್ಕೆ ಕರೆದು ಹೇಳಿದ: "ಬೆಂಕಿ ತಾಕಿದ್ರ ಕೈ ಎಳಕೊಳ್ಳಾಕ ತಲಿ ಅಪ್ಪಣಿ ಬೇಕಿಲ್ಲೋ. ಚರ್ಮದಾಗಿನ ನರದ ತುದಿ ಸುದ್ದಿ ಕಳಸತಾವು, ಬೆನ್ನುಹುರಿನೇ ಹುಕುಂ ಕೊಡತೈತಿ. ನೋವು ತಲಿಗಿ ಆಮ್ಯಾಲೆ ತಿಳೀತೈತಿ. ಆಕಿ ಬೆರಳಿಂದ ಸುದ್ದಿನೇ ಹೊಂಟಿಲ್ಲ." ದನಿ ತಗ್ಗಿಸಿದ. "ಕುಷ್ಠ ಇರಬೇಕು. ಈಗ ಗುಳಿಗಿ ಬಂದಾವು. ಲಗೂ ದವಾಖಾನಿಗೆ ಕರಕೊಂಡ ಬಾ."

ಆ ಹೆಸರು ಅಂಟಿದ ಹೆಣ್ಣಿಗೆ ಗಂಡನ ಮನೆ ಉಂಟೇ? ತವರಾದರೂ ಉಂಟೇ? ಅವ್ವನಿಗೆ ಹೇಗೆ ಹೇಳುವುದು? ಹೇಳಬೇಕಾಗಲಿಲ್ಲ. ಅವ್ವ ಬಾಗಿಲ ಹಿಂದೆಯೇ ನಿಂತಿದ್ದಳು.

ಸಂಜೆ ಕುದಿಯುವ ಚಹಾದ ಬಟ್ಟಲನ್ನು ಅವ್ವ ಹತ್ತೂ ಬೆರಳಿಂದ ಒತ್ತಿ ಹಿಡಿದಳು. ನಾನೂ ಹಿಡಿದೆ. ಸುಟ್ಟಿತು. ಚಹಾ ಸುಟ್ಟಿತೆಂದು ಅಷ್ಟು ಸಮಾಧಾನಪಟ್ಟವರನ್ನು ನೀವು ಕಂಡಿರಲಿಕ್ಕಿಲ್ಲ.

ಮರುದಿನದಿಂದ ಒಲೆ ಅವ್ವನದಾಯಿತು. ಸೊಸೆಯ ಕೈಯ ನೀರನ್ನೂ ಕುಡಿಯಲಿಲ್ಲ. ಗಂಗವ್ವ ಮೂಲೆಯಲ್ಲಿ ಕೂತು ದವಾಖಾನೆಯ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದಳು. ಯಾವ ದಿನ ಅವ್ವ "ಕಳಸಿಬಿಡು" ಅನ್ನುತ್ತಾಳೋ ಎಂದು ನಾನು ಅಂಜುತ್ತಲೇ ದಿನ ನೂಕಿದೆ.

ಸುಟ್ಟರೂ 'ಹಾ' ಅನ್ನದ ಸೊಸೆಯನ್ನು ನಾವು ಊರ ತುಂಬ ಹೊಗಳುತ್ತೇವೆ. ಅವಳಿಗೆ ಯಾಕೆ ಸುಡುತ್ತಿಲ್ಲ ಎಂದು ಯಾರಾದರೂ ಕೇಳುತ್ತೇವೆಯೇ?

ಕಳೆದ ವಾರ ಅವ್ವನಿಗೆ ಜ್ವರ. ಗಂಗವ್ವ ಒಲೆಯ ಮುಂದೆ ಕೂತಳು. ಕಿರುಬೆರಳು ಹಂಚಿಗೆ ತಾಗಿತು. ಕೈ ಚಟ್ಟನೆ ಹಿಂದೆ ಬಂತು, ರೊಟ್ಟಿ ಬೂದಿಯಲ್ಲಿ ಬಿತ್ತು.

ಅವ್ವ ಹಾಸಿಗೆಯಿಂದ ಎದ್ದು ಬಂದಳು. ಆ ರೊಟ್ಟಿಯನ್ನೇ ಎತ್ತಿ, ಬೂದಿ ಝಾಡಿಸಿ, ತಿಂದಳು.