ಎರಡನೆಯ ಬಟನ್

ಆ ಕಾರನ್ನು ನಾನು ಮೊದಲು ನೋಡಿದ್ದು ಬಂದರಿನ ಒಂದು ಗೋದಾಮಿನಲ್ಲಿ. ಒಣಮೆಣಸಿನ ಗೋಣಿಗಳ ಹಿಂದೆ, ನೀಲಿ ಟರ್ಪಾಲಿನ ಅಡಿಯಲ್ಲಿ ಅದು ಮೂರು ವರ್ಷದಿಂದ ನಿಂತಿತ್ತು. ಅದರ ಯಜಮಾನರು ಕುವೈತಿನಲ್ಲಿ ದುಡಿದು ಊರಿಗೆ ಮರಳುವಾಗ ಹಡಗಿನಲ್ಲಿ ತಂದದ್ದಂತೆ. ಅವರು ಹೃದಯಾಘಾತದಿಂದ ತೀರಿಕೊಂಡ ಮೇಲೆ ಯಾರೂ ಮುಟ್ಟಿರಲಿಲ್ಲ. ಶಕ್ತಿನಗರದಲ್ಲಿ ಸಣ್ಣ ಹೋಟೆಲು ನಡೆಸುವ ನನಗೆ ಹಳೆಯ ಕಾರುಗಳ ಹುಚ್ಚು. ಅದು ಗೊತ್ತಿದ್ದ ಮೆಣಸಿನ ವ್ಯಾಪಾರಿಯೊಬ್ಬರು ಸುದ್ದಿ ಕೊಟ್ಟಿದ್ದರು.

ಸ್ವೀಡನ್ನಿನ ಟರ್ಬೊ ಕಾರು. ನಮ್ಮ ಊರಿನಲ್ಲಿ ಅಂಥದ್ದು ಇನ್ನೊಂದನ್ನು ನಾನು ಕಂಡಿಲ್ಲ. ಸ್ಟಿಯರಿಂಗ್ ಎಡಗಡೆ. ಕೀಲಿ ಹಾಕುವ ಜಾಗ ಎರಡು ಸೀಟುಗಳ ನಡುವೆ, ಗೇರಿನ ಹಿಂದೆ. ರಿವರ್ಸ್‌ಗೆ ಹಾಕದೆ ಕೀಲಿ ಹೊರಗೆ ಬರುವುದಿಲ್ಲ. ಪೆಡಲು ಒತ್ತಿದರೆ ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಸಣ್ಣಗೆ ಸಿಳ್ಳೆಯಂಥ ಸದ್ದು ಎದ್ದು, ಬೆನ್ನಿಗೆ ಯಾರೋ ಕೈಯಿಟ್ಟು ದೂಡಿದ ಹಾಗೆ ಕಾರು ನುಗ್ಗುತ್ತದೆ.

ಕಾರು ಕೊಂಡ ದಿನ ಯಜಮಾನರ ಹೆಂಡತಿ ಕೀಲಿಯನ್ನು ನನ್ನ ಕೈಗೆ ಕೊಡುವಾಗ ಒಂದೇ ಮಾತು ಹೇಳಿದರು: “ಜೋರು ಬಿಡಬೇಡಿ ಅಣ್ಣ. ಅವರೂ ಜೋರು ಬಿಡ್ತಿರಲಿಲ್ಲ.”

ಎಂಜಿನ್ನು ಸರಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಒಂದು ಬೆಳಿಗ್ಗೆ ಒಳಗೆ ಒರೆಸುತ್ತಿದ್ದಾಗ ಚಾಲಕನ ಸೀಟಿನ ಪಕ್ಕದ ‘1’ ಎಂದು ಬರೆದಿದ್ದ ಬಟನ್‌ಗೆ ಕೈ ತಗುಲಿತು. ಸೀಟು ತಾನಾಗಿ ಹಿಂದಕ್ಕೆ ಸರಿಯಿತು, ಕೆಳಗಿಳಿಯಿತು, ಬೆನ್ನು ಸ್ವಲ್ಪ ವಾಲಿತು. ಹೊರಗಿನ ಕನ್ನಡಿಗಳು ಗುರ್ ಎಂದು ಮೇಲೆ ತಿರುಗಿದವು. ನನ್ನ ಕಾಲಿಗೆ ಕ್ಲಚ್ ಸಿಗಲಿಲ್ಲ. ಕನ್ನಡಿಯಲ್ಲಿ ರಸ್ತೆಯ ಬದಲು ತೆಂಗಿನ ತಲೆಗಳು ಕಂಡವು. ನಾನು ಎಂದೂ ನೋಡಿರದ ಒಬ್ಬ ಎತ್ತರದ ಮನುಷ್ಯ ಅಲ್ಲಿ ಕುಳಿತಿದ್ದ, ನಾನು ಅವನ ಮಡಿಲಿನಲ್ಲಿದ್ದೆ. ಹಾಗೆ ಅನಿಸಿತು. ಬಾಗಿಲು ತೆರೆದು ಇಳಿದುಬಿಟ್ಟೆ.

“ಅದು ಮೆಮೊರಿ ಸೀಟು ಮಾರಾಯ್ರೆ,” ಎಂದು ಮೆಕ್ಯಾನಿಕ್ ನಕ್ಕ. “ಬ್ಯಾಟರಿ ಸತ್ರೂ ಕೂತವರ ಅಳತೆ ಚಿಪ್ಪಿನಲ್ಲಿ ಉಳಿತದೆ. ಅಳಿಸಿ ನಿಮ್ಮದು ಹಾಕುವ?”

“ಬೇಡ, ಮೂರರಲ್ಲಿ ಹಾಕು,” ಅಂದೆ.

ಎರಡನೆಯ ಬಟನ್ ಒತ್ತಿ ನೋಡಿದೆ. ಸೀಟು ಮುಂದಕ್ಕೆ ಬಂದು ಎತ್ತರಕ್ಕೇರಿ, ನನ್ನ ಮೊಣಕಾಲನ್ನು ಸ್ಟಿಯರಿಂಗಿಗೆ ಒತ್ತಿ ಹಿಡಿಯಿತು. ಯಾರೋ ಬಹಳ ಕುಳ್ಳಗಿನವರು. ಯಾರೆಂದು ಮೆಕ್ಯಾನಿಕ್‌ಗೆ ತಿಳಿಯದು. ನಾನಂತೂ ಎಷ್ಟೋ ದಿನ ಅದನ್ನೇ ಯೋಚಿಸಿದೆ. ಹೋಟೆಲಿನಲ್ಲಿ ದೋಸೆ ಕೊಡುವಾಗಲೂ ಆ ಸೀಟಿನ ಮೋಟಾರಿನ ಸದ್ದು ಕಿವಿಯಲ್ಲಿರುತ್ತಿತ್ತು.

ಕಾರು ಓಡತೊಡಗಿದೆ, ಒಮ್ಮೆ ಬಂದು ನೋಡಿ ಎಂದು ಕೀಲಿ ಕೊಟ್ಟ ಆ ಅಕ್ಕನಿಗೆ ಫೋನು ಮಾಡಿದೆ. ಭಾನುವಾರ ಸಂಜೆ ಮಗಳನ್ನು ಕರೆದುಕೊಂಡು ಬಂದರು. ಮಗಳು ಹಿಂದೆ ಕುಳಿತಳು. ಅಕ್ಕ ಯಾರೂ ಹೇಳದೆ ಮುಂದಿನ ಬಲಗಡೆಯ ಸೀಟಿಗೆ ಹೋಗಿ ಬೆಲ್ಟು ಹಾಕಿಕೊಂಡರು.

ವಾಮಂಜೂರಿನ ಕಡೆಗೆ ಹೊರಟೆವು. ಏರಿನಲ್ಲಿ ಕಲ್ಲು ತುಂಬಿದ ಲಾರಿ ಸಿಕ್ಕಿತು. ಎಡಗಡೆ ಕುಳಿತ ನನಗೆ ಎದುರಿನ ರಸ್ತೆ ಕಾಣದು, ಹಿಂದೆಯೇ ತೆವಳುತ್ತಿದ್ದೆ. ಅಕ್ಕ ಕತ್ತು ಬಾಗಿಸಿ ನೋಡಿ, “ಹೋಗಿ, ಬಸ್ಸಿಲ್ಲ,” ಎಂದರು. ನನ್ನ ಕಾಲು ತಾನಾಗಿ ಪೆಡಲು ಒತ್ತಿತು. ಸಿಳ್ಳೆ ಎದ್ದು ಕಾರು ಲಾರಿಯನ್ನು ದಾಟಿತು. ಆಮೇಲೆ ನೋಡಿದರೆ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. “ಅವರಿಗೆ ಯಾವಾಗಲೂ ನಾನೇ ಹೇಳಬೇಕಿತ್ತು,” ಅಂದರು.

ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಒಂದು ಖಾಲಿ ಬಯಲಿನಲ್ಲಿ ನಿಲ್ಲಿಸಿ, ಎರಡನೆಯ ಬಟನ್ನಿನ ವಿಷಯ ಕೇಳಿದೆ. “ಉಮ್ಮ, ನೀವು ಕೂತು ನೋಡಿ,” ಎಂದಳು ಮಗಳು. ನಾನು ಇಳಿದು ಜಾಗ ಬಿಟ್ಟೆ. ಅಕ್ಕ ಅಂಜುತ್ತ ಕುಳಿತರು, ಮಗಳು ಬಟನ್ ಒತ್ತಿದಳು. ಸೀಟು ಸರಿಯುತ್ತ ಸರಿಯುತ್ತ ನಿಂತಿತು. ಅವರ ಪಾದ ಕ್ಲಚ್ಚಿನ ಮೇಲೆ ಸರಿಯಾಗಿ ಬಂದು ಕೂತಿತ್ತು. ಕನ್ನಡಿ ಅವರ ಕಣ್ಣಿಗೇ ತಿರುಗಿತ್ತು.



“ಒಂದು ಸಲ ಗೋದಾಮಿನಲ್ಲಿ, ‘ಸುಮ್ಮನೆ ಇದರಲ್ಲಿ ಕೂತುಕೋ, ಮೋಟಾರು ನೋಡಬೇಕು’ ಅಂದಿದ್ದರು,” ಎಂದರು. “ಡ್ರೈವಿಂಗ್ ಕಲಿ, ಕಲಿ ಅಂತ ಎಷ್ಟು ಹೇಳಿದ್ದರು. ನಾನು ಎಂತಕ್ಕೆ ಅಂತ ಬೈತಿದ್ದೆ. ಅಳತೆ ತೆಗೆದದ್ದು ಹೇಳಲೇ ಇಲ್ಲ ಅಣ್ಣ ಅವರು.”

ಕಾರನ್ನು ವಾಪಸು ಕೊಂಡುಹೋಗಿ ಎಂದೆ. ನಿಜವಾಗಿಯೇ ಅಂದೆ, ಆ ಕ್ಷಣದಲ್ಲಿ ಅದು ನನ್ನದು ಎಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಅವರು ಬೇಡವೆಂದು ತಲೆಯಾಡಿಸಿದರು. “ಇಷ್ಟು ದೊಡ್ಡದು ನನಗೆ ಎಂತಕ್ಕೆ? ನಿಮ್ಮ ಹತ್ರವೇ ಇರಲಿ.” ಇಳಿಯುವ ಮೊದಲು ಸ್ಟಿಯರಿಂಗನ್ನು ಒಮ್ಮೆ ಎರಡೂ ಕೈಯಲ್ಲಿ ಹಿಡಿದು ಬಿಟ್ಟರು.

ಆರು ತಿಂಗಳ ನಂತರ ಮಗಳು ಫೋನು ಮಾಡಿದಳು. ಉಮ್ಮ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದರು. ಮೊದಲ ಟೆಸ್ಟಿನಲ್ಲಿ ಫೇಲಾಗಿ, ಎರಡನೆಯದರಲ್ಲಿ ಪಾಸಾದರು ಎಂದಳು.

ಈ ಮಳೆಗಾಲ ಮೀನು ತರಲು ಬಂದರಿಗೆ ನಡೆದು ಹೋಗಿದ್ದೆ. ಐಸಿನ ಲಾರಿಗಳ ನಡುವೆ ಒಂದು ಸಣ್ಣ ಬಿಳಿ ಕಾರು ಸಿಕ್ಕಿಹಾಕಿಕೊಂಡಿತ್ತು. ಒಳಗೆ ಆ ಅಕ್ಕ, ಮೂಗು ಗಾಜಿಗೆ ತಾಗುವಷ್ಟು ಮುಂದೆ ಬಾಗಿ ಕುಳಿತಿದ್ದರು. ನನ್ನನ್ನು ನೋಡಲಿಲ್ಲ. ಕೈಯೆತ್ತಲು ಹೋದವನು ಸುಮ್ಮನಾದೆ. ಅವರ ತುಟಿಗಳು ಅಲ್ಲಾಡುತ್ತಿದ್ದವು. ಪಕ್ಕದ ಸೀಟಿನಲ್ಲಿದ್ದವರನ್ನು ಏನೋ ಕೇಳಿದಂತೆ, ಉತ್ತರಕ್ಕೆ ಕಾದಂತೆ, ಮತ್ತೆ ಕೇಳಿದಂತೆ. ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ.