ನನ್ನ ಪಕ್ಕದಲ್ಲಿ ಮೊಣಕಾಲೂರಿದವರು

ನಾನು ದೇವರನ್ನು ನಂಬುವವಳು. ದರ್ಶನಗಳನ್ನು ಮಾತ್ರ ನಂಬುತ್ತಿರಲಿಲ್ಲ. ಪ್ರಾರ್ಥನಾ ಕೂಟಗಳಲ್ಲಿ ಯಾರಾದರೂ ಎದ್ದು ನಿಂತು, ಅಡುಗೆಮನೆಯಲ್ಲಿ ದೇವದೂತನನ್ನು ಕಂಡೆ, ಬಸ್ಸಿನಲ್ಲಿ ಯೇಸುವಿನ ದನಿ ಕೇಳಿದೆ ಎಂದು ಸಾಕ್ಷಿ ಹೇಳಿದರೆ ತಲೆ ತಗ್ಗಿಸಿ ನಗು ನುಂಗಿಕೊಳ್ಳುತ್ತಿದ್ದೆ. ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಅಂದು ನನಗಂತೂ ಏನೂ ಕಾಣಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಲಗ್ಗೆರೆಯ ಬಾಡಿಗೆ ಮನೆಯಲ್ಲಿ ನಾವು ಮೂವರು: ನಾನು, ಪೀಣ್ಯದಲ್ಲಿ ಶಿಫ್ಟ್ ಕೆಲಸ ಮಾಡುವ ನನ್ನ ಗಂಡ, ಅವರ ತಾಯಿ ಕರುಣಮ್ಮ. ಅತ್ತೆ ಊದುಬತ್ತಿ ಹೊಸೆದು ಮಗನನ್ನು ಸಾಕಿದವರು. ಪಕ್ಕದ ಮನೆಯ ಗಂಗಮ್ಮ ಅವರ ಜೊತೆ ಕೂತು ಅದೇ ಕೆಲಸ ಮಾಡಿದವರು. ಗಂಗಮ್ಮನ ಮಗಳಿಗೆ ಹೆರಿಗೆ ಕಷ್ಟವಾಗಿ, ಡಾಕ್ಟರು ಏನನ್ನೂ ಖಚಿತವಾಗಿ ಹೇಳಲಾಗದು ಎಂದ ದಿನ ಇಬ್ಬರೂ ಮಾರಮ್ಮನ ಗುಡಿಗೆ ಹೋದರು. ಗಂಗಮ್ಮ ಹರಕೆ ಹೊತ್ತರು. ಅತ್ತೆ ಅವರ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತು ಯೇಸುವನ್ನು ಬೇಡಿಕೊಂಡರು. ತಾಯಿ, ಮಗು ಇಬ್ಬರೂ ಉಳಿದರು.

ಯಾರೋ ನೋಡಿ ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಕಿವಿಗೆ ಹಾಕಿದರು. ಮುಂದಿನ ಭಾನುವಾರವೇ ಅವರು ಪೀಠದಿಂದ ವಿಗ್ರಹಾರಾಧನೆಯ ಬಗ್ಗೆ ಬೋಧಿಸಿ, ಕೊನೆಗೆ ಅತ್ತೆಯ ಹೆಸರನ್ನೇ ಹೇಳಿದರು. ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವವರೆಗೆ ಇವರಿಗೆ ರೊಟ್ಟಿ, ದ್ರಾಕ್ಷಾರಸ ಕೊಡುವುದಿಲ್ಲ ಎಂದು ಸಾರಿದರು. ಯೇಸುವಿನ ಕೊನೆಯ ಊಟದ ನೆನಪಿಗೆ ತಿಂಗಳಿಗೊಮ್ಮೆ ಎಲ್ಲರೂ ಬಲಿಪೀಠದ ಮುಂದೆ ಸಾಲಾಗಿ ಮೊಣಕಾಲೂರಿ ಅದನ್ನು ತೆಗೆದುಕೊಳ್ಳುತ್ತೇವೆ. ಅದು ಇಲ್ಲವೆಂದರೆ ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಮನೆಗೆ ಬಂದ ಸಭೆಯ ಹಿರಿಯರಿಗೆ ಅತ್ತೆ ಕಾಫಿ ಕೊಟ್ಟು ಹೇಳಿದ್ದು ಇಷ್ಟೇ: "ನಾನು ಕೇಳ್ಕೊಂಡಿದ್ದು ಯೇಸಪ್ಪನ್ನೇ. ಎಲ್ಲಿ ನಿಂತ್ಕೊಂಡು ಕೇಳ್ತಾ ಇದೀಯ ಅಂತ ಅವನೇ ಕೇಳ್ಲಿಲ್ಲ. ನೀವ್ಯಾಕೆ ಕೇಳ್ತೀರ?"

ತಪ್ಪೊಪ್ಪಿಗೆಯನ್ನು ಅವರು ಹೇಳಲೇ ಇಲ್ಲ. ಚರ್ಚಿಗೆ ಹೋಗುವುದನ್ನೂ ಬಿಡಲಿಲ್ಲ. ಎಲ್ಲರೂ ಎದ್ದು ಮುಂದೆ ಹೋದಾಗ ಕೊನೆಯ ಬೆಂಚಿನಲ್ಲಿ ಒಬ್ಬರೇ ಕೂತಿರುತ್ತಿದ್ದರು. ದಾಟಿ ಹೋಗುವವರು ಅವರ ಮುಖ ನೋಡುತ್ತಿರಲಿಲ್ಲ. ಜೊತೆಯಲ್ಲಿ ಸ್ತ್ರೀ ಕೂಟ ನಡೆಸಿದ ಹೆಂಗಸರು ಸಹ ನೋಡುತ್ತಿರಲಿಲ್ಲ. ಆ ಬೆನ್ನುಗಳ ಸಾಲು ನೆನಪಾದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ನನ್ನು ಅವರ ಹೃದಯ ತಡೆದುಕೊಳ್ಳದು ಎಂದರು ಡಾಕ್ಟರು. ಮಂಚವೇ ಗತಿಯಾಯಿತು. ಪಕ್ಕಕ್ಕೆ ಹೊರಳಿಸಬೇಕಾದರೂ ಇಬ್ಬರು ಬೇಕು. ಅಯ್ಯನವರು ಒಮ್ಮೆಯೂ ನೋಡಲು ಬರಲಿಲ್ಲ. ನನಗೂ ಚರ್ಚು ಬೇಡವೆನ್ನಿಸಿತ್ತು. ಆದರೆ ಆ ತಿಂಗಳು ರೊಟ್ಟಿ, ದ್ರಾಕ್ಷಾರಸ ಕೊಡುವ ಭಾನುವಾರ ಅತ್ತೆಯೇ, "ನೀನು ಹೋಗಮ್ಮ. ನಿನ್ ಬಾಯಿಗಾದ್ರೂ ಬೀಳ್ಲಿ" ಎಂದು ಕಳಿಸಿದರು. ಗಂಡನಿಗೆ ಬೆಳಗಿನ ಶಿಫ್ಟು. ಅತ್ತೆಗೆ ಮೈ ಒರೆಸಿ, ಹಸಿರು ನೈಟಿ ತೊಡಿಸಿ, ಚಳಿ ಎಂದಿದ್ದಕ್ಕೆ ಹೆಗಲಿಗೆ ಟವೆಲ್ ಹೊದಿಸಿ, ಗಂಗಮ್ಮನನ್ನು ಕೂರಿಸಿ, ಚರ್ಚಿರುವ ಬಸವೇಶ್ವರನಗರದ ಬಸ್ಸು ಹತ್ತಿದೆ.

ಬಲಿಪೀಠದ ಮುಂದೆ ಸಾಲಿನ ಕೊನೆಯಲ್ಲಿ ನಾನು ಮೊಣಕಾಲೂರಿದ್ದೆ. ನನ್ನ ಎಡಕ್ಕೆ ಇನ್ನೊಬ್ಬರಿಗೆ ಆಗುವಷ್ಟು ಜಾಗ ಖಾಲಿ ಇತ್ತು. ಅಯ್ಯನವರು ರೊಟ್ಟಿ ಕೊಡುತ್ತಾ ಬಂದರು. ನನ್ನ ಅಂಗೈಯಲ್ಲಿ ಇಟ್ಟರು. ಅಲ್ಲಿಂದ ಹಿಂದಿರುಗಬೇಕಾದವರು ಎಡಕ್ಕೆ ಒಂದು ಹೆಜ್ಜೆ ಇಟ್ಟು ನಿಂತರು. ಅವರ ಮುಖ ಬಿಗಿದುಕೊಂಡಿತು. ತಟ್ಟೆಯನ್ನು ಎದೆಗೆ ಒತ್ತಿಕೊಂಡು, ಸಣ್ಣ ದನಿಯಲ್ಲಿ, ಆ ಖಾಲಿ ಜಾಗಕ್ಕೆ ಹೇಳಿದರು: "ನಿಮಗಿಲ್ಲ ಅಂತ ಹೇಳಿದೀನಲ್ಲಮ್ಮ. ಎದ್ದು ಹೋಗಿ."

ನನಗೇ ಹೇಳಿದರೇನೋ ಎಂದುಕೊಂಡೆ. ಆದರೆ ರೊಟ್ಟಿ ಆಗಲೇ ನನ್ನ ಕೈಯಲ್ಲಿತ್ತು. ಹಿಂದೆ ದ್ರಾಕ್ಷಾರಸದ ಬಟ್ಟಲು ಹಿಡಿದು ಬರುತ್ತಿದ್ದ ಹಿರಿಯರು ನನ್ನನ್ನೊಮ್ಮೆ, ಆ ಜಾಗವನ್ನೊಮ್ಮೆ ನೋಡಿ ತಬ್ಬಿಬ್ಬಾದರು.

ಆರಾಧನೆ ಮುಗಿದ ಮೇಲೆ ಅಯ್ಯನವರು ನನ್ನನ್ನು ಒಳಗೆ ಕರೆಸಿದರು. ಸಿಟ್ಟಿನಿಂದ ಅವರ ಕೆನ್ನೆ ಅದುರುತ್ತಿತ್ತು. ಅತ್ತೆಗೆ ಏಳಕ್ಕೇ ಆಗುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿ, ಇವತ್ತು ಕರೆತಂದು ಪಕ್ಕದಲ್ಲೇ ಕೂರಿಸಿಕೊಂಡಿದ್ದೀರಿ, ನನ್ನನ್ನು ಸಭೆಯ ಮುಂದೆ ಪರೀಕ್ಷೆ ಮಾಡುತ್ತೀರಾ ಎಂದರು. ನಾನು ಬಾಯಿ ತೆರೆಯುವ ಮೊದಲೇ ಸೇರಿಸಿದರು: "ಅದೂ ಒಂದು ಸೀರೆ ಉಡಿಸಬಾರದಾ? ಹಸಿರು ನೈಟಿ, ಹೆಗಲ ಮೇಲೊಂದು ಟವೆಲ್ಲು. ದೇವರ ಸನ್ನಿಧಿಗೆ ಬರೋ ರೀತಿನಾ ಇದು?"

ನಾನು ಹೊರಬಂದು ಆಟೋ ಹಿಡಿದೆ. ದಾರಿಯುದ್ದಕ್ಕೂ ಅತ್ತೆ ತೀರಿಹೋಗಿರಬೇಕು ಎಂದೇ ಅನ್ನಿಸುತ್ತಿತ್ತು.

ಅವರು ಬದುಕಿದ್ದರು. ಗೋಡೆಯ ಕಡೆ ಮುಖ ಮಾಡಿ ಅಳುತ್ತಿದ್ದರು. ಗಂಗಮ್ಮ ನನ್ನನ್ನು ಬಾಗಿಲ ಹತ್ತಿರ ಕರೆದು ಹೇಳಿದರು. ಅತ್ತೆ ಕಣ್ಣು ಮುಚ್ಚಿದ್ದರಂತೆ. ನಿದ್ದೆ ಬಂತೆಂದುಕೊಂಡು ಇವರು ಅವರೆಕಾಯಿ ಸುಲಿಯುತ್ತಾ ಕೂತಿದ್ದರಂತೆ. "ಇದ್ದಕ್ಕಿದ್ದಂಗೆ ಎರಡೂ ಕೈ ಜೋಡಿಸಿ ಒಡ್ಡಿದ್ಲು ಕಣಮ್ಮ, ತೀರ್ಥ ತಗೊಳ್ಳೋ ಹಂಗೆ. ಎಷ್ಟೋ ಹೊತ್ತು ಹಂಗೇ ಇದ್ಲು. ಆಮೇಲೆ ಕೈ ಹಿಂದಕ್ಕೆ ಎಳ್ಕೊಂಡು ಅಳಕ್ಕೆ ಶುರು ಮಾಡಿದ್ಲು." ಮಂಚ ಬಿಟ್ಟು ಕದಲಲಿಲ್ಲವೇ ಎಂದು ಕೇಳಿದೆ. ಗಂಗಮ್ಮ ನನ್ನನ್ನು ಹುಚ್ಚಿಯೆಂಬಂತೆ ನೋಡಿದರು.

ನಾನು ಮಂಚದ ಮೇಲೆ ಕೂತು ಅತ್ತೆಯ ತಲೆ ಸವರಿದೆ. ಚರ್ಚಿನಲ್ಲಿ ನಡೆದದ್ದನ್ನು ಇನ್ನೂ ಹೇಳಿರಲಿಲ್ಲ. ಅವರೇ ಅಂದರು: "ಇವತ್ತೂ ಕೊಡ್ಲಿಲ್ಲ ಕಣಮ್ಮ."

ಅಲ್ಲಿಗೆ ಹೇಗೆ ಹೋದಿರಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅದೇ ವಾರದಲ್ಲಿ ಅವರು ತೀರಿಕೊಂಡರು. ಅವರು ಪಶ್ಚಾತ್ತಾಪಪಟ್ಟರೆಂದು ನೀವು ಸಭೆಯಲ್ಲಿ ಹೇಳಿದರೆ ಚರ್ಚಿನ ಸಮಾಧಿ ಸ್ಥಳದಲ್ಲಿ ಜಾಗ ಕೊಡುತ್ತೇವೆ ಎಂದು ಅಯ್ಯನವರಿಂದ ಮಾತು ಬಂತು. ಹೇಳಿಬಿಡೋಣವೇ ಎಂದು ನನ್ನ ಗಂಡ ಅಳುತ್ತಾ ಕೇಳಿದರು. ನಾನು ಒಪ್ಪಲಿಲ್ಲ. ಕೆಂಗೇರಿ ಆಚೆ, ಬೇರೆ ಸಭೆಯವರು ಕನಿಕರದಿಂದ ಕೊಟ್ಟ ಜಾಗದಲ್ಲಿ ಮಣ್ಣು ಮಾಡಿದೆವು. ಗಂಗಮ್ಮ ಮೊದಲ ಹಿಡಿ ಮಣ್ಣು ಹಾಕಿದರು.

ಬಹಳ ದಿನಗಳ ಮೇಲೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಅಯ್ಯನವರು ಎದುರಾದರು. ತರಕಾರಿ ಚೀಲ ಕೆಳಗಿಟ್ಟು, ಅವತ್ತು ನಿಜಕ್ಕೂ ಅವರನ್ನು ನೋಡಿದಿರಾ ಎಂದು ಕೇಳಿದೆ. "ನನ್ ಕಣ್ಣಿಗೇನಾಗಿತ್ತಮ್ಮ? ಕೈ ನಡುಗ್ತಾ ಇದ್ದಿದ್ದೂ ನೋಡ್ದೆ" ಎಂದರು. ಅತ್ತೆ ಮಂಚದಿಂದ ಇಳಿದಿರಲಿಲ್ಲ, ಗಂಗಮ್ಮ ಪಕ್ಕದಲ್ಲೇ ಇದ್ದರು ಎಂದು ಎಲ್ಲವನ್ನೂ ಹೇಳಿದೆ. ಅವರ ಮುಖ ಬಿಳುಚಿತು. ಈಗಲಾದರೂ ಒಂದು ಮಾತು ಹೇಳುತ್ತಾರೆಂದು ಕಾದೆ.

"ಹಾಗಿದ್ರೆ ಅದು ಸೈತಾನನ ಕೆಲಸ" ಎಂದು ಹೇಳಿ ಹೊರಟುಹೋದರು.

ಆ ಚರ್ಚಿಗೆ ನಾನು ಮತ್ತೆ ಕಾಲಿಟ್ಟಿಲ್ಲ. ಮನೆಯಲ್ಲೇ ಪ್ರಾರ್ಥಿಸುತ್ತೇನೆ. ಅತ್ತೆ ಅಷ್ಟು ದೂರ ಹೇಗೆ ಬಂದರು, ಮುರಿದ ಸೊಂಟದಲ್ಲಿ ಮೊಣಕಾಲೂರಿದ್ದು ಹೇಗೆ, ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ದಿನಾ ಅವರ ಮೈ ಒರೆಸುತ್ತಿದ್ದ ನಾನು ಪಕ್ಕದಲ್ಲೇ ಇದ್ದೆ. ನನಗೆ ಕಾಣದೆ, ಅವರು ಆ ಮನುಷ್ಯನಿಗೆ ಏಕೆ ಕಂಡರು?