ಮೂರು ಸಾಲಾಗಿ ಒಡೆದ ಹೀಬ್ರೂ ವಾಕ್ಯ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಟೊರಾಂಟೊದ ಬ್ಯಾಥರ್ಸ್ಟ್ ಸ್ಟ್ರೀಟಿನ ಒಂದು ಸಣ್ಣ ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಮೈಸೂರಿನಲ್ಲಿ ಟೈಪಿಂಗ್ ಕಲಿತಿದ್ದೆ ಎಂಬುದೊಂದೇ ನನ್ನ ಅರ್ಹತೆ. ಮಾಲೀಕರು ವಯಸ್ಸಾದ ಯಹೂದಿ. ಅವರಿಗೆ ಹೀಬ್ರೂ ಓದಲು ಬರುತ್ತಿತ್ತು, ಟೈಪ್ ಮಾಡಲು ಬರುತ್ತಿರಲಿಲ್ಲ. ನನ್ನದು ತಿರುಗಾಮುರುಗಾ. ಕೀಬೋರ್ಡಿನ ಮೇಲೆ ಹೀಬ್ರೂ ಅಕ್ಷರಗಳ ಚೀಟಿ ಅಂಟಿಸಿಕೊಂಡು, ಅವರು ಬರೆದುಕೊಟ್ಟ ಆಕಾರಗಳನ್ನು ನೋಡಿ ನೋಡಿ ಒತ್ತುತ್ತಿದ್ದೆ. ಇಂಗ್ಲಿಷಿನ ಎ ಒತ್ತಿದರೆ 'ಶ' ಸದ್ದಿನ ಅಕ್ಷರ, ಕಾಮಾ ಒತ್ತಿದರೆ 'ತ' ಸದ್ದಿನದು. ತಲೆಬುಡವಿಲ್ಲದ ಜೋಡಣೆ ಅನ್ನಿಸಿದರೂ ಕೆಲವು ತಿಂಗಳಲ್ಲಿ ಬೆರಳಿಗೆ ಹಿಡಿಯಿತು. ಅರ್ಥ ಮಾತ್ರ ಒಂದೂ ಗೊತ್ತಾಗುತ್ತಿರಲಿಲ್ಲ.

ಒಂದು ಚಳಿಗಾಲದಲ್ಲಿ ಅಂಗಡಿಯ ಹಳೆಯ ಗಿರಾಕಿಯೊಬ್ಬರು ತೀರಿಕೊಂಡರು. ಅಕ್ಕತಂಗಿ ಇಬ್ಬರೇ ಒಂದು ಮನೆಯಲ್ಲಿ ಬದುಕಿದವರು, ಹೋದದ್ದು ಅಕ್ಕ. ತಂಗಿ ಫೋನ್ ಮಾಡಿ, ಸಮುದಾಯದ ವಾರಪತ್ರಿಕೆಗೆ ಒಂದು ಪ್ರಕಟಣೆ ಮಾಡಿಕೊಡಿ ಎಂದರು. ಹೆಸರುಗಳು ಹೀಬ್ರೂವಿನಲ್ಲೇ ಇರಲಿ, ಕೆಳಗೆ ಮನೆಯ ವಿಳಾಸ ಇಂಗ್ಲಿಷಿನಲ್ಲಿ ಸಾಕು ಎಂಬುದು ಅವರ ಆಸೆ. ಬಲದಿಂದ ಎಡಕ್ಕೆ ಓದುವ ಹೀಬ್ರೂ ಒಂದೇ ಉದ್ದ ಸಾಲು. ಮಾಲೀಕರು ಅದನ್ನು ನನಗೆ ಇಂಗ್ಲಿಷಿನಲ್ಲಿ ಪದಪದವಾಗಿ ಬಿಡಿಸಿ ಹೇಳಿದರು: 'ಅಕ್ಕ ಇಂಥವರು ತೀರಿಕೊಂಡರು, ದುಃಖತಪ್ತರು ತಂಗಿ ಇಂಥವರು.' ಟೈಪ್ ಮಾಡಿ ಪ್ರಿಂಟ್ ತೆಗೆದೆ. ಅವರು ಎರಡು ಸಲ ಓದಿ ಸರಿ ಎಂದರು. ಆ ಫೈಲು ತುಂಬಿದ ಫ್ಲಾಪಿ ಡಿಸ್ಕು ಪತ್ರಿಕೆಯವರಿಗೆ ಹೋಯಿತು.

ಪತ್ರಿಕೆ ಬಂದ ದಿನ ನಾವಿಬ್ಬರೂ ತಂಗಿಯನ್ನು ಮಾತಾಡಿಸಲು ಹೋಗಿದ್ದೆವು. ಪತ್ರಿಕೆಯನ್ನು ಇನ್ನೂ ನೋಡಿರಲಿಲ್ಲ. ಅವರ ಪದ್ಧತಿಯಂತೆ ಕನ್ನಡಿಗಳಿಗೆ ಬಟ್ಟೆ ಹೊದಿಸಿದ್ದರು. ಬಂದವರು ಬಡಿಯದೆ ಒಳಗೆ ಬರಲೆಂದು ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಆಕೆ ತಗ್ಗಿನ ಸ್ಟೂಲಿನ ಮೇಲೆ ಕೂತು ಅಕ್ಕನ ಸಿಡುಕಿನ ಬಗ್ಗೆ ಏನೋ ಹೇಳುತ್ತಿದ್ದರು.

ಫೋನ್ ಬಡಿದುಕೊಂಡಿತು. ಆಕೆ ಎತ್ತಿ "ಹಲೋ" ಎಂದರು. ಆ ಕಡೆಯಿಂದ ಚೀರಿದ್ದು ನನಗೂ ಕೇಳಿಸಿತು. ಆಮೇಲೆ ಲೈನ್ ಕಟ್ಟಾಯಿತು.

"ಯಾರೋ ಹುಚ್ಚರು," ಎಂದು ಆಕೆ ರಿಸೀವರ್ ಇಟ್ಟರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಕೋಟಿನ ಮೇಲೆಲ್ಲ ಹಿಮ ಹೊತ್ತು, ಕೈಯಲ್ಲಿ ಮುಚ್ಚಿದ ಪಾತ್ರೆ ಹಿಡಿದು ಒಬ್ಬ ಮುದುಕಿ ಒಳಗೆ ಬಂದರು. ಅತ್ತು ಅತ್ತು ಕಣ್ಣು ಊದಿತ್ತು. ತಲೆ ಎತ್ತಿ ಸ್ಟೂಲಿನ ಕಡೆ ನೋಡಿದರು. ಬಾಗಿಲ ಬಳಿ ರಾಶಿ ಬಿದ್ದಿದ್ದ ಬೂಟುಗಳ ಮೇಲೆ ಕೂತುಬಿಟ್ಟರು. ನಾನು ಓಡಿಹೋಗಿ ಪಾತ್ರೆ ಹಿಡಿದುಕೊಂಡೆ. ಅದು ಇನ್ನೂ ಬೆಚ್ಚಗಿತ್ತು, ಅವರ ಬೆರಳು ಮಾತ್ರ ಮಂಜುಗಡ್ಡೆ.

"ನೀನು... ನೀನು ಸತ್ತಿದ್ದೀಯ," ಎಂದರು ಸ್ಟೂಲಿನ ಮೇಲಿದ್ದ ತಂಗಿಯನ್ನು ನೋಡಿ.

ಕೋಟಿನ ಜೇಬಿನಿಂದ ಮಡಚಿದ ಪತ್ರಿಕೆ ಹೊರಬಂತು. ತಂಗಿ ಅದನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು.

"ಇದರಲ್ಲಿ ತೀರಿಕೊಂಡಿರುವುದು ನಾನು. ದುಃಖಪಡುತ್ತಿರುವುದು ನನ್ನ ಅಕ್ಕ."

ಮಾಲೀಕರು ಕಸಿದುಕೊಂಡು ನೋಡಿದರು. ನಾನೂ ಬಗ್ಗಿದೆ. ನಮ್ಮ ಒಂದು ಸಾಲು ಪತ್ರಿಕೆಯ ಕಿರಿದಾದ ಅಂಕಣದಲ್ಲಿ ಮೂರು ಸಾಲಾಗಿತ್ತು. ಮೇಲೆ ತಂಗಿಯ ಹೆಸರು; ನಡುವೆ 'ತೀರಿಕೊಂಡರು, ದುಃಖತಪ್ತರು'; ಕೆಳಗೆ ಅಕ್ಕನ ಹೆಸರು. ಒಂದೇ ಒಂದು ಅಕ್ಷರವೂ ತಪ್ಪಿರಲಿಲ್ಲ. ಆ ಮನೆಯಲ್ಲಿ ಯಾರ ಮುಖ ನೋಡಬೇಕೋ ತಿಳಿಯಲಿಲ್ಲ.

ಮನೆಗೆ ಬಂದವಳೇ ಗಂಡನಿಗೆ ಹೇಳಿದೆ. ಆತ ಯೂನಿಯನ್‌ವಿಲ್ಲಿನ ಹತ್ತಿರ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದ. ಪೇಪರಿನ ಮೇಲೆ ಗೀಟು ಎಳೆದು ತೋರಿಸಿದ.

"ನೋಡೇ, ನಿಮ್ ಪ್ರೋಗ್ರಾಮ್‌ಗೆ ರೈಟ್ ಟು ಲೆಫ್ಟ್ ಗೊತ್ತೇ ಇಲ್ಲ. ಸ್ಕ್ರೀನಲ್ಲಿ ಸರಿಯಾಗಿ ಕಾಣತ್ತೆ ಅಷ್ಟೆ. ಒಳಗಡೆ ಅದು ಎಡಗಡೆಯಿಂದ್ಲೇ ಓದ್ಕೊಂಡು ಹೋಗತ್ತೆ. ಜಾಗ ಸಾಲ್ದೇ ಹೋದ್ರೆ ಎಡಗಡೆ ಇರೋ ಪದಗಳನ್ನ ಮೊದಲನೇ ಲೈನಿಗೆ ಹಾಕತ್ತೆ. ಹೀಬ್ರೂಲಿ ಎಡಗಡೆ ಇರೋದು ವಾಕ್ಯದ ಕೊನೆ ಅಲ್ವಾ? ಬಾಕ್ಸ್ ಚಿಕ್ಕದಾಯ್ತು, ಅಷ್ಟೆ."

"ಅಷ್ಟೇನಾ? ಬದುಕಿರೋರನ್ನ ಸಾಯಿಸಿಬಿಟ್ಟಿದೆ ರೀ ಅದು!"

ಆತ ಪೆನ್ನು ಕೆಳಗಿಟ್ಟ.

ಮರುದಿನ ಅಂಗಡಿಯಲ್ಲಿ ಅದೇ ಫೈಲು ತೆರೆದು ಮೌಸಿನಿಂದ ಚೌಕಟ್ಟನ್ನು ಮೆಲ್ಲಗೆ ಕಿರಿದು ಮಾಡಿದೆ. ಮಾಲೀಕರು ಹಿಂದೆ ನಿಂತಿದ್ದರು. ಸಾಲು ಮುರಿಯಿತು. ಅಕ್ಕನ ಹೆಸರು ಜಾರಿ ಕೆಳಗೆ ಹೋಯಿತು, ತಂಗಿಯ ಹೆಸರು ಮೇಲೆ ಉಳಿಯಿತು. ಕಣ್ಣೆದುರಿಗೇ ಒಬ್ಬರು ಬದುಕಿ ಇನ್ನೊಬ್ಬರು ಸತ್ತಂತೆ. ಮಾಲೀಕರು ಕುರ್ಚಿ ಎಳೆದುಕೊಂಡು ಕೂತರು. "ಇಷ್ಟು ವರ್ಷ ನಾವು ಏನೇನು ಕಳಿಸಿದ್ದೇವೋ!" ಎಂದರು. ಮದುವೆ ಕಾಗದಗಳು, ಪ್ರಾರ್ಥನೆಗಳು, ಎಷ್ಟೋ ಮನೆಗಳ ಹೆಸರುಗಳು ನನ್ನ ತಲೆಯಲ್ಲೂ ಸುತ್ತುತ್ತಿದ್ದವು. ಅವತ್ತಿನಿಂದ ಫ್ಲಾಪಿ ಕಳಿಸುವುದನ್ನು ನಿಲ್ಲಿಸಿದೆವು. ಅಂಕಣದ ಅಳತೆ ಕೇಳಿ, ಪ್ರಿಂಟ್ ತೆಗೆದು, ಕತ್ತರಿಸಿ, ಹಾಳೆಗೆ ಅಂಟಿಸಿ ಕೊಡುತ್ತಿದ್ದೆವು.

ತಿದ್ದುಪಡಿ ಮುಂದಿನ ಸಂಚಿಕೆಯಲ್ಲಿ ಬಂತು. ಅದನ್ನು ತೋರಿಸಲು ಹೋದಾಗ ಬೂಟುಗಳ ಮೇಲೆ ಕೂತಿದ್ದ ಆ ಮುದುಕಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ಆಗ ಗೊತ್ತಾಯಿತು: ಆಕೆಯೂ ತಂಗಿಯೂ ಒಂದು ಕಾಲದಲ್ಲಿ ಒಂದೇ ಬಟ್ಟೆ ಕಾರ್ಖಾನೆಯಲ್ಲಿ ಪಕ್ಕಪಕ್ಕದ ಮಿಷನ್ನಿನಲ್ಲಿ ಹೊಲಿದವರು, ಯಾವುದೋ ಮಾತಿಗೆ ಮುನಿಸಿಕೊಂಡು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಊರಾಚೆಯ ಸ್ಟ್ರೀಟ್ಸ್‌ವಿಲ್‌ನಿಂದ ಆ ಹಿಮದಲ್ಲಿ ಆಕೆ ಹೊರಟು ಬಂದದ್ದು ಗೆಳತಿ ಸತ್ತಳೆಂದು.

"ಅಕ್ಕ ಸತ್ತಿದ್ದಾಳೆ ಅಂತ ಸರಿಯಾಗಿ ಬಂದಿದ್ದರೆ ಬರುತ್ತಿದ್ದಿರಾ?" ಎಂದು ಕೇಳಿಬಿಟ್ಟೆ.

ಆಕೆ ಚಾಕು ನಿಲ್ಲಿಸಿ ಯೋಚಿಸಿದರು. "ಇಲ್ಲ," ಎಂದರು. "ಒಂದು ಕಾರ್ಡು ಕಳಿಸುತ್ತಿದ್ದೆ."

ಎರಡು ಸಾವಿರದ ಇಸವಿಯ ನಂತರ ಅಂಗಡಿಗೆ ಹೊಸ ಕಂಪ್ಯೂಟರ್ ಬಂತು. ಅದಕ್ಕೆ ದಿಕ್ಕು ಗೊತ್ತಿತ್ತು. ಆದರೂ ಹೀಬ್ರೂ ನಡುವೆ ಇಂಗ್ಲಿಷ್ ಪದ ಬಂದರೆ ಕರ್ಸರ್ ಅತ್ತಿಂದಿತ್ತ ನೆಗೆಯುತ್ತಿತ್ತು, ಫೋನ್ ನಂಬರಿನ ಬ್ರಾಕೆಟ್ಟು ಎಲ್ಲೋ ಹೋಗಿ ನಿಲ್ಲುತ್ತಿತ್ತು. ಅಷ್ಟು ಹೊತ್ತಿಗೆ ನಾನು ಅರ್ಥ ತಿಳಿಯುವಷ್ಟು ಹೀಬ್ರೂ ಕಲಿತುಕೊಂಡಿದ್ದೆ. ಯಾರದೇ ಸಾವಿನ ಸುದ್ದಿ ಬಂದರೂ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು ಜೋರಾಗಿ ಓದಿ ಎನ್ನುತ್ತಿದ್ದೆ. ಅಳುತ್ತಲೇ ಓದುತ್ತಿದ್ದರು. ಬೇರೆ ದಾರಿ ನನಗೆ ಹೊಳೆಯಲಿಲ್ಲ.